ಬೇಕಿತ್ತಾ ಅವನಿಗೆ?

ಅಪಘಾತದ ಸುದ್ದಿ ಬಂದಾಗ ನಮ್ಮ ಕಡೆ ಎರಡು ಮಾತು ಕೇಳಿಬರುತ್ತವೆ. ಹೊಲಕ್ಕೆ ಹೋದವನಿಗೆ ಹಾವು ಕಚ್ಚಿದರೆ, ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಬರುವ ಹೆದ್ದಾರಿಯಲ್ಲಿ ಲಾರಿ ಗುದ್ದಿದರೆ, "ಹಣೆಬರಹ" ಎನ್ನುತ್ತಾರೆ. ಬೆಟ್ಟ ಹತ್ತಲು ಹೋದವನು ಬಿದ್ದರೆ, ಜಲಪಾತ ನೋಡಲು ಹೋದವನು ಜಾರಿದರೆ, ಹಿಮದಲ್ಲಿ ಆಡಲು ಹೋದವನು ಕಾಲು ಮುರಿದುಕೊಂಡರೆ, "ಬೇಕಿತ್ತಾ ಅವನಿಗೆ?" ಎನ್ನುತ್ತಾರೆ. ಮೊದಲನೆಯ ಮಾತು ಯಾರನ್ನೂ ಹೊಣೆ ಮಾಡುವುದಿಲ್ಲ. ಎರಡನೆಯದು ಬಿದ್ದವನೊಬ್ಬನನ್ನೇ ಹೊಣೆ ಮಾಡುತ್ತದೆ. ಆದರೂ ಇವೆರಡೂ ಒಂದೇ ಕೆಲಸ ಮಾಡುತ್ತವೆ ಎಂದು ನನಗೆ ಅನ್ನಿಸುತ್ತದೆ. ಇವುಗಳಲ್ಲಿ ಯಾವುದನ್ನು ಆಡಿದರೂ ಮುಂದೆ ಇನ್ನೇನನ್ನೂ ಕೇಳಬೇಕಾಗಿಲ್ಲ.

2024ರ ಜೂನ್ ಮೊದಲ ವಾರ ಎರಡನೆಯ ಮಾತು ರಾಜ್ಯದ ತುಂಬ ಕೇಳಿಸಿತು. ಉತ್ತರಾಖಂಡದ ಸಹಸ್ರತಾಲಕ್ಕೆ ಚಾರಣ ಹೋಗಿದ್ದ 22 ಜನರ ತಂಡ ಹಿಂದಿರುಗುವಾಗ ಹಿಮಗಾಳಿಗೆ ಸಿಕ್ಕಿತು. ತಂಡದ ಹೆಚ್ಚಿನವರು ಕರ್ನಾಟಕದವರು. ಒಂಬತ್ತು ಜನ ತೀರಿಕೊಂಡರು. ವಾಯುಪಡೆಯ ಹೆಲಿಕಾಪ್ಟರುಗಳು, ಅಲ್ಲಿನ ವಿಪತ್ತು ನಿರ್ವಹಣಾ ಪಡೆಯವರು ಸೇರಿ ಉಳಿದವರನ್ನು ಕೆಳಗೆ ತಂದರು. ನಮ್ಮ ಕಂದಾಯ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೆ ಹೋಗಿ ನಿಂತರು. ತೀರಿಕೊಂಡವರಲ್ಲಿ ಅರವತ್ತು ದಾಟಿದವರೂ ಇದ್ದರು. ವರ್ಷಗಳಿಂದ ಬೆಟ್ಟ ಹತ್ತಿದವರೂ ಇದ್ದರು. ಅವರ ಶವಗಳು ಬೆಂಗಳೂರು ತಲುಪುವ ಮೊದಲೇ "ಈ ವಯಸ್ಸಲ್ಲಿ ಬೇಕಿತ್ತಾ?" ಎಂಬ ಮಾತು ಫೋನಿನಿಂದ ಫೋನಿಗೆ ಹರಿದಾಡತೊಡಗಿತ್ತು. ಹಾಗೆ ಬರೆದವರು ಕೆಟ್ಟವರೆಂದು ನಾನು ಹೇಳಲಾರೆ. ಸಾವು ಕಂಡಾಗ ಅದಕ್ಕೊಂದು ಕಾರಣ ಬೇಕಾಗುತ್ತದೆ. ಆ ಕಾರಣ ನಮಗೆ ಅನ್ವಯಿಸದಂಥದ್ದಾಗಿದ್ದರೆ ರಾತ್ರಿ ನಿದ್ದೆಯೂ ಬರುತ್ತದೆ.

ಆದರೆ ಈ ಪ್ರಶ್ನೆಯೊಳಗೆ ಒಂದು ಕಣ್ಕಟ್ಟಿದೆ, ಅದು ಕನ್ನಡದಲ್ಲಿ ಸುಲಭವಾಗಿ ಸಾಧ್ಯವಾಗುವ ಕಣ್ಕಟ್ಟು. ನಮ್ಮಲ್ಲಿ 'ಬೇಕು' ಎನ್ನುವುದಕ್ಕೆ ಎರಡು ಅರ್ಥ. ಕುಡಿಯಲು ನೀರು ಬೇಕು ಎಂದರೆ ಅದು ಅಗತ್ಯ. ಜಾತ್ರೆಯಲ್ಲಿ ಮಗು ಬಲೂನು ಬೇಕು ಎಂದರೆ ಅದು ಆಸೆ. "ಬೇಕಿತ್ತಾ?" ಎಂದು ಕೇಳುವವರು ಅಗತ್ಯದ ಮಾತಾಡುತ್ತಾರೆ: ಹಿಮಾಲಯಕ್ಕೆ ಹೋಗುವ ಅಗತ್ಯವಿತ್ತೆ? ಇರಲಿಲ್ಲ, ಒಪ್ಪಬೇಕು. ಒಪ್ಪಿದ ಕೂಡಲೇ ಪದ ಮಗ್ಗುಲು ಬದಲಿಸುತ್ತದೆ: ಹಾಗಾದರೆ ನೀನೇ ಆಸೆಪಟ್ಟು ಹೋದೆ, ಆದದ್ದೆಲ್ಲ ನಿನ್ನದು. ಅಗತ್ಯವಿರಲಿಲ್ಲ ಎನ್ನುವುದರಿಂದ 'ಎಲ್ಲವೂ ನಿನ್ನದೇ' ಎನ್ನುವಲ್ಲಿಗೆ ನೆಗೆಯಲು ನಡುವೆ ಒಂದು ಸೇತುವೆ ಇರಬೇಕಲ್ಲ. ಆ ಸೇತುವೆಯನ್ನು ಯಾರೂ ಕಟ್ಟಿದ್ದನ್ನು ನಾನು ಕಂಡಿಲ್ಲ.

ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನಗೊಬ್ಬ ಗೆಳೆಯನಿದ್ದಾನೆ. ಹಳ್ಳಿಯಲ್ಲಿ ಅವನ ಮನೆ, ತೆಂಗಿನ ತೋಟ, ಅಪ್ಪ ಅಮ್ಮ. ಅವನ ಕೆಲಸ ಬೆಂಗಳೂರಿನಲ್ಲಿ. ಎರಡು ಚಳಿಗಾಲದ ಹಿಂದೆ ಹಿಮಾಲಯದ ಒಂದು ತಾಣಕ್ಕೆ ಹೋಗಿ ಒಂದು ವಾರ ಸ್ಕೀಯಿಂಗ್ ಕಲಿಯಲು ಸೇರಿದ. ನಾಲ್ಕನೆಯ ದಿನ ಬಿದ್ದ. ಬಿದ್ದಾಗ ದೇಹ ಒಂದು ಕಡೆ ತಿರುಗಿತು, ಕಾಲಿಗೆ ಕಟ್ಟಿದ್ದ ಉದ್ದನೆಯ ಹಲಗೆ ತಿರುಗಲಿಲ್ಲ. ಗಟ್ಟಿ ಬೂಟಿನ ಮೇಲಂಚು ಎಲ್ಲಿತ್ತೋ ಸರಿಯಾಗಿ ಅಲ್ಲಿಯೇ ಮೊಣಕಾಲ ಕೆಳಗಿನ ಮೂಳೆ ಮುರಿಯಿತು. ರಾಡು ಹಾಕಿದರು. ಊರಿಗೆ ಬಂದು ಮೂರು ತಿಂಗಳು ಮಲಗಿದ. ನೋಡಲು ಬಂದವರೆಲ್ಲರೂ, ಒಬ್ಬರನ್ನೂ ಬಿಡದೆ, ಅದೇ ಮಾತು ಆಡಿದರು. ಅವನ ದೊಡ್ಡಪ್ಪ ಮಾತ್ರ ಇನ್ನೊಂದಿಷ್ಟು ಸೇರಿಸಿದರು: "ಜಾರೋಕೆ ಅಷ್ಟು ದೂರ ಹೋಗ್ಬೇಕಿತ್ತೇನಪ್ಪಾ, ಮಳೆಗಾಲದಾಗೆ ನಮ್ಮ ತೋಟದಾಗೇ ಜಾರಬಹುದಿತ್ತಲ್ಲ." ಅವನೂ ನಕ್ಕ.

ಅದೇ ವರ್ಷ ಅದೇ ಊರಿನಲ್ಲಿ ತೆಂಗಿನಕಾಯಿ ಕೀಳುವವರೊಬ್ಬರು ಮರದಿಂದ ಬಿದ್ದು ಸೊಂಟ ಮುರಿದುಕೊಂಡರು. ಅವರ ಮನೆಗೂ ಜನ ಹೋದರು. ಅಲ್ಲಿ ಆಡಿದ ಮಾತು "ಪಾಪ". ಹೊಟ್ಟೆಪಾಡಿಗೆ ಮರ ಹತ್ತಿದವರನ್ನು ಬೇಕಿತ್ತಾ ಎಂದು ಕೇಳುವಷ್ಟು ಕಲ್ಲುಮನಸ್ಸು ನಮ್ಮವರದಲ್ಲ. ಆದರೆ 'ಪಾಪ' ಎಂದವರೂ ಬೇರೆ ಪ್ರಶ್ನೆ ಕೇಳಲಿಲ್ಲ. ಸೊಂಟಕ್ಕೆ ಕಟ್ಟಿಕೊಳ್ಳಲು ಪಟ್ಟಿ ಇತ್ತೇ? ತೆಂಗು ಅಭಿವೃದ್ಧಿ ಮಂಡಳಿ ಮರ ಹತ್ತುವವರಿಗಾಗಿಯೇ ನಡೆಸುವ ವಿಮೆಯ ವಿಷಯ ಅವರಿಗೆ ಯಾರಾದರೂ ಹೇಳಿದ್ದರೇ? ತೋಟದ ಮಾಲೀಕರು ಆಸ್ಪತ್ರೆಯ ಖರ್ಚಿಗೆ ಏನು ಕೊಟ್ಟರು? ಒಂದು ಮನೆಯಲ್ಲಿ ಕನಿಕರ, ಇನ್ನೊಂದು ಮನೆಯಲ್ಲಿ ಗೇಲಿ. ಉಳಿದದ್ದೆಲ್ಲ ಎರಡು ಮನೆಗಳಲ್ಲೂ ಒಂದೇ ಆಗಿತ್ತು.

ಸ್ಕೀಯಿಂಗ್ ನಮ್ಮ ಆಟವಲ್ಲ. ಚಿತ್ರದುರ್ಗದಲ್ಲಿ ಹಿಮ ಎಂದರೆ ಫ್ರಿಜ್ಜಿನೊಳಗೆ ಕಟ್ಟಿದ್ದು. ಆದರೂ ಸ್ವಂತ ಇಚ್ಛೆಯಿಂದ ತಲೆಯ ಮೇಲೆ ತಂದುಕೊಳ್ಳುವ ಅಪಾಯದ ಕುರಿತು ಯೋಚಿಸಲು ಇದರಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಬೆಟ್ಟ ಹತ್ತುವವನಿಗೆ ಶಿಖರ ಎಂಬ ನೆಪವಾದರೂ ಇರುತ್ತದೆ. ಇಲ್ಲಿ ಯಂತ್ರವೇ ಮೇಲಕ್ಕೆ ಕರೆದೊಯ್ಯುತ್ತದೆ, ಅಲ್ಲಿಂದ ಮನುಷ್ಯ ತನ್ನ ಭಾರದಿಂದಲೇ ಕೆಳಗೆ ಜಾರುತ್ತಾನೆ, ಮತ್ತೆ ಯಂತ್ರದ ಸಾಲಿನಲ್ಲಿ ನಿಲ್ಲುತ್ತಾನೆ. ಹೋದದ್ದು ಎಲ್ಲಿಗೂ ಇಲ್ಲ, ಬೇಕಾದದ್ದು ಜಾರುವುದೊಂದೇ. ಬೀಳುವುದು ಈ ಆಟಕ್ಕೆ ಹೊರಗಿನದ್ದಲ್ಲ, ಕಲಿಯುವವರಿಗೆ ಮೊದಲ ದಿನ ಹೇಳಿಕೊಡುವುದೇ ಬೀಳುವುದನ್ನು. ಲೆಕ್ಕ ಇಟ್ಟ ದೇಶಗಳಲ್ಲಿ ಒಂದು ಸಾವಿರ ಜನ ಒಂದು ದಿನ ಸ್ಕೀ ಮಾಡಿದರೆ ಸುಮಾರು ಎರಡು ಮೂರು ಜನ ವೈದ್ಯರ ಬಳಿ ಹೋಗುವಷ್ಟು ಗಾಯಗೊಳ್ಳುತ್ತಾರೆ ಎನ್ನುತ್ತಾರೆ. ಹೆದರಿಸುವ ಸಂಖ್ಯೆಯಲ್ಲ, ಮರೆಯುವಂಥದ್ದೂ ಅಲ್ಲ.

ಆದ್ದರಿಂದಲೇ ಅಲ್ಲಿನ ನ್ಯಾಯಾಲಯಗಳು ಈ ಪ್ರಶ್ನೆಯನ್ನು ನಮಗಿಂತ ಮೊದಲೇ ಎದುರಿಸಬೇಕಾಯಿತು. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಹಿಮದಡಿ ಮುಚ್ಚಿಹೋಗಿದ್ದ ಮರದ ಬೊಡ್ಡೆಗೆ ತಗುಲಿ ಮಹಿಳೆಯೊಬ್ಬರು ಗಾಯಗೊಂಡರು. 1951ರಲ್ಲಿ ಬಂದ ತೀರ್ಪಿನ ತಾತ್ಪರ್ಯ ಹೆಚ್ಚುಕಡಿಮೆ ನಮ್ಮ ದೊಡ್ಡಪ್ಪಂದಿರ ಮಾತೇ: ಹಿಮದಲ್ಲಿ ಆಡಲು ಬಂದವರು ಹಿಮದಡಿ ಏನಿದೆಯೋ ಅದನ್ನೂ ಒಪ್ಪಿಕೊಂಡೇ ಬಂದಿರುತ್ತಾರೆ. ಸುಮಾರು ಕಾಲು ಶತಮಾನ ಈ ಮಾತೇ ನಡೆಯಿತು. 1974ರಲ್ಲಿ ಅದೇ ರಾಜ್ಯದ ಸ್ಟ್ರಾಟನ್ ಬೆಟ್ಟದಲ್ಲಿ, ಹೊಸಬರಿಗೆಂದೇ ಹದ ಮಾಡಿದ ಇಳಿಜಾರಿನಲ್ಲಿ, 21 ವರ್ಷದ ಯುವಕನ ಸ್ಕೀ ಹಿಮದಲ್ಲಿ ಅಡಗಿದ್ದ ಸಣ್ಣ ಪೊದೆಗೆ ಸಿಕ್ಕಿಕೊಂಡಿತು. ಅವನು ಹೋಗಿ ಬಂಡೆಗೆ ಬಡಿದ. ಕೈಕಾಲು ನಾಲ್ಕೂ ಸ್ವಾಧೀನ ತಪ್ಪಿದವು. ಜ್ಯೂರಿ 15 ಲಕ್ಷ ಡಾಲರ್ ಪರಿಹಾರ ಕೊಡಿಸಿತು, 1978ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ಎರಡು ತೀರ್ಪುಗಳ ನಡುವೆ ಪೊದೆ, ಬೊಡ್ಡೆಗಳೇನೂ ಬದಲಾಗಿರಲಿಲ್ಲ. ಬದಲಾದದ್ದು ಇಳಿಜಾರು. 1951ರ ಹೊತ್ತಿಗೆ ಅದು ಬಹುಮಟ್ಟಿಗೆ ಬೆಟ್ಟದ ಮೈಯೇ ಆಗಿತ್ತು. 1974ರ ಹೊತ್ತಿಗೆ ಯಂತ್ರ ಹಾಯಿಸಿ ಹಿಮ ಸಮ ಮಾಡಿ, ಇದು ಹೊಸಬರ ದಾರಿ ಎಂದು ಫಲಕ ಹಾಕಿ, ಎಷ್ಟು ಚೆನ್ನಾಗಿ ಹದ ಮಾಡಿದ್ದೇವೆ ನೋಡಿ ಎಂದು ಜಾಹೀರಾತು ಕೊಟ್ಟು ಟಿಕೆಟ್ ಮಾರುತ್ತಿದ್ದರು. ಬೆಟ್ಟದ ಅಪಾಯವನ್ನು ಒಪ್ಪಿ ಬರುವುದು ಬೇರೆ, ಹದ ಮಾಡುತ್ತೇನೆಂದು ಹಣ ಪಡೆದವರ ಅಸಡ್ಡೆಯನ್ನು ಒಪ್ಪಿ ಬರುವುದು ಬೇರೆ. ಈ ತೀರ್ಪಿನಿಂದ ಗಾಬರಿಯಾದ ಸ್ಕೀ ಉದ್ಯಮ ಅದೇ ವರ್ಷ ವರ್ಮಾಂಟಿನಲ್ಲಿ, ಆಮೇಲೆ ಕೊಲರಾಡೊದಲ್ಲಿ, ಆಟಕ್ಕೆ ಸಹಜವಾದ ಅಪಾಯಗಳು ಆಟಗಾರನವೇ ಎನ್ನುವ ಕಾನೂನು ಮಾಡಿಸಿಕೊಂಡಿತು. ಆದರೆ ಆ ಕಾನೂನುಗಳೂ 'ಸಹಜವಾದ' ಎಂಬ ಪದವನ್ನು ಬಿಡಲಾಗಲಿಲ್ಲ. ಸಹಜವಲ್ಲದ ಅಪಾಯವೂ ಇದೆ ಎಂದು ಆ ಪದವೇ ಒಪ್ಪಿಕೊಳ್ಳುತ್ತದೆ.

ಇದು ಅಮೆರಿಕದ ವಕೀಲರ ಕುಶಲತೆ ಎಂದುಕೊಳ್ಳಬೇಡಿ. 1860ರ ನಮ್ಮ ದಂಡ ಸಂಹಿತೆಯ 87ನೇ ಕಲಮಿನ ಕೆಳಗೆ ಒಂದು ಪುಟ್ಟ ದೃಷ್ಟಾಂತವಿದೆ. ಇಬ್ಬರು ವಿನೋದಕ್ಕಾಗಿ ಕತ್ತಿವರಸೆ ಆಡಲು ಒಪ್ಪುತ್ತಾರೆ. ಆಟದಲ್ಲಿ ಮೋಸವಿಲ್ಲದೆ ಆಗುವ ಗಾಯಕ್ಕೆ ಇಬ್ಬರೂ ಸಮ್ಮತಿಸಿದಂತೆ, ಗಾಯ ಮಾಡಿದವನದು ಅಪರಾಧವಲ್ಲ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 25ನೇ ಕಲಮಾಗಿ ಮುಂದುವರಿದಿದೆ. ಮುಖ್ಯವಾದದ್ದು ಆ 'ಮೋಸವಿಲ್ಲದೆ' ಎಂಬ ಷರತ್ತು. ಸಮ್ಮತಿಗೊಂದು ಅಂಚಿದೆ, ಅಂಚಿನಾಚೆ ಆದದ್ದಕ್ಕೆ ನಾನು ಸಮ್ಮತಿಸಿಲ್ಲ.

ನನ್ನ ಗೆಳೆಯನ ಕಾಲಿಗೆ ಮರಳುತ್ತೇನೆ. ಸ್ಕೀಗೂ ಬೂಟಿಗೂ ನಡುವೆ ಬೈಂಡಿಂಗ್ ಎಂಬ ಒಂದು ಕೊಂಡಿ ಇರುತ್ತದೆ. ಜಾರುವಾಗ ಅದು ಬಿಗಿಯಾಗಿ ಹಿಡಿದಿರಬೇಕು, ಬಿದ್ದಾಗ ತಾನಾಗಿ ಬಿಟ್ಟುಕೊಳ್ಳಬೇಕು. ಎಷ್ಟು ಒತ್ತಡಕ್ಕೆ ಬಿಡಬೇಕು ಎನ್ನುವುದನ್ನು ಒಂದು ಸ್ಕ್ರೂ ತಿರುಗಿಸಿ ನಿಗದಿ ಮಾಡುತ್ತಾರೆ. ಅದಕ್ಕೆ ಆಟಗಾರನ ತೂಕ, ಎತ್ತರ, ವಯಸ್ಸು, ಬೂಟಿನ ಅಳತೆ, ಎಷ್ಟು ಪಳಗಿದವನು ಎಂಬುದೆಲ್ಲ ಗೊತ್ತಿರಬೇಕು. ಇಂಥ ಕೊಂಡಿಗಳು ಸುಧಾರಿಸಿದ ಮೇಲೆ ಸ್ಕೀಯಿಂಗ್‌ನಲ್ಲಿ ಕಾಲಿನ ಮೂಳೆ ಮುರಿಯುವುದು ಬಹಳ ಕಡಿಮೆಯಾಯಿತು. ಮಂಡಿಯ ಒಳಗಿನ ಲಿಗಮೆಂಟ್ ಹರಿಯುವುದನ್ನು ಮಾತ್ರ ಅವು ಅಷ್ಟಾಗಿ ತಡೆಯಲಾರವು. ಗೆಳೆಯನಿಗೆ ಆದದ್ದು ಕೊಂಡಿ ತಡೆಯಬಲ್ಲ ಬಗೆಯ ಗಾಯ. ಸ್ಕೀ ಬಾಡಿಗೆಗೆ ಕೊಟ್ಟ ಅಂಗಡಿಯವರು ಏನೇನು ಕೇಳಿದರು ಎಂದು ಅವನನ್ನು ವಿಚಾರಿಸಿದೆ. ಬೂಟಿನ ಸೈಜು ಕೇಳಿದರಂತೆ. ಆಮೇಲೆ ಇಂಗ್ಲಿಷಿನ ಎರಡು ಹಾಳೆ ಮುಂದಿಟ್ಟು, ಪ್ರಾಣಾಪಾಯವೂ ಸೇರಿದಂತೆ ಎಲ್ಲಕ್ಕೂ ನಾನೇ ಜವಾಬ್ದಾರ ಎನ್ನುವ ಸಾಲಿನ ಕೆಳಗೆ ಸಹಿ ಕೇಳಿದರಂತೆ. ಅವನ ತೂಕವನ್ನು ಯಾರೂ ಕೇಳಲಿಲ್ಲ.

ತೂಕ ಕೇಳದೆ ಸಹಿ ಕೇಳುವ ಈ ಕ್ರಮ ನನ್ನ ತಲೆಯಿಂದ ಹೋಗುತ್ತಿಲ್ಲ. ನನ್ನ ಸಂಶೋಧನೆಯ ವಿಷಯವೂ ಹೊಣೆಗಾರಿಕೆಯೇ ಆದ್ದರಿಂದ, ಯಾರಾದರೂ 'ಸ್ವಂತ ಜವಾಬ್ದಾರಿ' ಎಂದರೆ ಕಿವಿ ನೆಟ್ಟಗಾಗುತ್ತದೆ. ಜವಾಬ್ದಾರಿ ಎನ್ನುವ ಮಾತು ಪಾರಸಿಯಿಂದ ಬಂದದ್ದು, ಅದರೊಳಗೆ 'ಜವಾಬು' ಇದೆ. ಜವಾಬು ಕೊಡಬೇಕಾದವನು ಜವಾಬ್ದಾರ. ಅಂದರೆ ಎದುರಿಗೆ ಕೇಳುವವನೊಬ್ಬ ಇರಲೇಬೇಕು. ಎಲ್ಲಕ್ಕೂ ನಾನೇ ಜವಾಬ್ದಾರ ಎಂದು ಬರೆಸಿಕೊಳ್ಳುವ ಹಾಳೆ ಯಾರ ಪ್ರಶ್ನೆಗೆ ಜವಾಬು ಕೊಡಿಸುತ್ತಿದೆ? ಯಾರದೂ ಅಲ್ಲ. ಮುಂದೆ ಅಂಗಡಿಯವರನ್ನು ಯಾರೂ ಪ್ರಶ್ನೆ ಕೇಳದಂತೆ ಮಾಡುವುದು ಅದರ ಕೆಲಸ. 'ಹೊಣೆ' ಎನ್ನುವುದು ಇನ್ನೂ ಹಳೆಯ ಮಾತು. ಅದರ ಮೊದಲ ಅರ್ಥ ಜಾಮೀನು. ಸಾಲ ಪಡೆದವನ ಪರವಾಗಿ ನಿಲ್ಲುವವನು ಹೊಣೆಗಾರ. ಹೊಣೆ ಹೊರುವುದು ಎಂದರೆ ಇನ್ನೊಬ್ಬನಿಗಾಗಿ ನಿಲ್ಲುವುದು. ಹೀಗೆ ನೋಡಿದರೆ 'ಸ್ವಂತ ಹೊಣೆ' ಎನ್ನುವುದು ತನ್ನ ಹೆಗಲ ಮೇಲೆ ತಾನೇ ಕೂರುವಂಥ ಮಾತು. ನಿಘಂಟಿನಿಂದ ನೀತಿಶಾಸ್ತ್ರ ಹುಟ್ಟುವುದಿಲ್ಲ, ಬಲ್ಲೆ. ಆದರೆ ಈ ಎರಡೂ ಪದಗಳು ಇನ್ನೊಬ್ಬರನ್ನು ಬಿಟ್ಟು ನಿಲ್ಲಲಾರವು ಎಂಬುದು ನನಗೆ ಆಕಸ್ಮಿಕವಾಗಿ ಕಾಣುವುದಿಲ್ಲ.

ಸ್ಕೀ ಮಾಡುವವರು ತಮ್ಮೊಳಗೇ ಮಾಡಿಕೊಂಡ ನಿಯಮಗಳನ್ನು ನೋಡಿ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 1967ರಲ್ಲಿ ಹತ್ತು ನಡವಳಿಕೆಯ ನಿಯಮಗಳನ್ನು ಹೊರಡಿಸಿತು. ಮೂರನೆಯದು ಹೀಗೆ ಹೇಳುತ್ತದೆ: ಹಿಂದಿನಿಂದ ಬರುವವನು ಮುಂದೆ ಇರುವವರಿಗೆ ಅಪಾಯವಾಗದಂತೆ ತನ್ನ ದಾರಿ ಆರಿಸಿಕೊಳ್ಳಬೇಕು. ಅಂದರೆ ಇಳಿಜಾರಿನಲ್ಲಿ ಮೇಲಿರುವವನೇ ಎಚ್ಚರ ವಹಿಸಬೇಕು. ಯಾಕೆಂದರೆ ಅವನಿಗೆ ಕೆಳಗಿನವನು ಕಾಣುತ್ತಾನೆ, ಕೆಳಗಿನವನ ಬೆನ್ನಿಗೆ ಕಣ್ಣಿಲ್ಲ. ನಟಿ ಗ್ವಿನೆತ್ ಪಾಲ್ಟ್ರೋ ಮತ್ತು ನಿವೃತ್ತ ಆಪ್ಟೊಮೆಟ್ರಿಸ್ಟ್ ಒಬ್ಬರು 2016ರಲ್ಲಿ ಡಿಯರ್ ವ್ಯಾಲಿಯಲ್ಲಿ ಡಿಕ್ಕಿ ಹೊಡೆದುಕೊಂಡ ಮೊಕದ್ದಮೆ 2023ರಲ್ಲಿ ಟೀವಿ ಧಾರಾವಾಹಿಯಂತೆ ಓಡಿದ್ದು ನಿಮಗೆ ನೆನಪಿರಬಹುದು. ಪಾಲ್ಟ್ರೋ ಧರಿಸಿದ ಸ್ವೆಟರುಗಳ ಚರ್ಚೆಯೇ ಹೆಚ್ಚಾಯಿತು. ನ್ಯಾಯಾಲಯದಲ್ಲಿ ತೀರ್ಮಾನವಾಗಬೇಕಿದ್ದ ಮುಖ್ಯ ಸಂಗತಿ ಒಂದೇ: ಆ ಕ್ಷಣ ಯಾರು ಮೇಲಿದ್ದರು, ಯಾರು ಕೆಳಗಿದ್ದರು? ಜ್ಯೂರಿ ತಪ್ಪು ಪೂರ್ತಿಯಾಗಿ ಆ ಆಪ್ಟೊಮೆಟ್ರಿಸ್ಟ್‌ರದೆಂದು ಹೇಳಿ ಪಾಲ್ಟ್ರೋಗೆ ಅವರು ಕೇಳಿದ್ದ ಒಂದು ಡಾಲರ್ ಕೊಡಿಸಿತು. ಸ್ಕೀ ಮಾಡುವ ಅಗತ್ಯವಿತ್ತೇ ಎಂದು ಇಬ್ಬರನ್ನೂ ಯಾರೂ ಕೇಳಲಿಲ್ಲ.

ಈ ಮೂರನೆಯ ನಿಯಮದಲ್ಲಿ ಒಂದು ಒಳ್ಳೆಯ ನೀತಿಶಾಸ್ತ್ರವೇ ಅಡಗಿದೆ ಎಂದು ನನ್ನ ನಂಬಿಕೆ. ಹೊಣೆ ಆಸೆಯನ್ನು ಹಿಂಬಾಲಿಸುವುದಿಲ್ಲ, ನೋಟವನ್ನು ಹಿಂಬಾಲಿಸುತ್ತದೆ. ಯಾರಿಗೆ ಏನು ಕಾಣುತ್ತದೋ ಅವರಿಗೆ ಅಷ್ಟು ಹೊಣೆ. ಬಾಡಿಗೆ ಅಂಗಡಿಯಲ್ಲಿ ಇಳಿಜಾರಿನ ಮೇಲೆ ನಿಂತವರು ಅಂಗಡಿಯವರು: ಕೊಂಡಿಯ ಸ್ಕ್ರೂ ಎಷ್ಟು ತಿರುಗಬೇಕೆಂದು ಬಲ್ಲವರು ಅವರು. ಹೊಸದುರ್ಗದಿಂದ ಹೋಗಿ ಮೊದಲ ಸಲ ಹಿಮ ಮುಟ್ಟಿದವನು ಕೆಳಗಿರುವವನು. ಅವನಿಗೆ ಅಲ್ಲೊಂದು ಸ್ಕ್ರೂ ಇದೆ ಎಂಬುದೇ ಗೊತ್ತಿಲ್ಲ. ಅದೇ ಇಳಿಜಾರಿನಲ್ಲಿ ಅವನ ಕೆಳಗೆ ಒಂದು ಮಗು ಆಡುತ್ತಿದ್ದರೆ ಅವನೇ ಮೇಲಿನವನು. ಆಗ "ನಾನು ಹೊಸಬ" ಎಂಬ ಜವಾಬು ಸಾಲದು. ವೇಗ ತನ್ನ ಹಿಡಿತದಲ್ಲಿರುವಂತೆ ನೋಡಿಕೊಳ್ಳಬೇಕೆಂದು ಎರಡನೆಯ ನಿಯಮ ಹೊಸಬನಿಗೂ ಹೇಳುತ್ತದೆ. ವೈಯಕ್ತಿಕ ಜವಾಬ್ದಾರಿ ಎಂದು ಏನಾದರೂ ಇದ್ದರೆ ಅದು ಇಲ್ಲಿದೆ, ನನ್ನ ಮೂಳೆಯ ಲೆಕ್ಕದಲ್ಲಿ ಅಷ್ಟಾಗಿ ಇಲ್ಲ.

ಇದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ. ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ 'ಆನ್ ಲಿಬರ್ಟಿ'ಯಲ್ಲಿ ಕೊಟ್ಟ ಸೇತುವೆಯ ಉದಾಹರಣೆಯನ್ನು ತತ್ತ್ವಶಾಸ್ತ್ರ ಓದುವವರೆಲ್ಲ ಬಲ್ಲರು. ಸೇತುವೆ ಶಿಥಿಲವಾಗಿದೆ, ಒಬ್ಬ ಅದರ ಮೇಲೆ ಹೆಜ್ಜೆ ಇಡಲು ಹೊರಟಿದ್ದಾನೆ, ಎಚ್ಚರಿಸಲು ಸಮಯವಿಲ್ಲ. ಆಗ ಹಿಡಿದೆಳೆದರೆ ಅವನ ಸ್ವಾತಂತ್ರ್ಯ ಕೆಡಿಸಿದಂತಲ್ಲ, ನೀರಿಗೆ ಬೀಳುವುದು ಅವನ ಇಚ್ಛೆಯಲ್ಲವಲ್ಲ. ಆದರೆ ಬೀಳುವುದು ಖಚಿತವಲ್ಲ, ಅಪಾಯವಷ್ಟೇ ಇದೆ, ಅದನ್ನು ತಿಳಿದೂ ದಾಟುತ್ತೇನೆಂದರೆ ದಾರಿ ಬಿಡಬೇಕು. ದೊಡ್ಡವರಾದವರನ್ನು ಮಕ್ಕಳಂತೆ ಕಾಯುತ್ತಾ ಕೂರಬಾರದು. ಮೇಲಿನವನದೇ ಹೊಣೆ ಎಂದು ಹೇಳುತ್ತಾ ಹೋದರೆ ಕೊನೆಗೆ ಮೇಲಿನವನು ಇಳಿಜಾರಿಗೇ ಬೇಲಿ ಹಾಕುತ್ತಾನೆ.

ಇದು ಬರೀ ಊಹೆಯಲ್ಲ. ಇಂಗ್ಲೆಂಡಿನಲ್ಲಿ 1995ರಲ್ಲಿ 18 ವರ್ಷದ ಹುಡುಗನೊಬ್ಬ ಹಳೆಯ ಕ್ವಾರಿಯ ಕೆರೆಗೆ ತಲೆಕೆಳಗಾಗಿ ಧುಮುಕಿ ಕುತ್ತಿಗೆ ಮುರಿದುಕೊಂಡ. ಅಲ್ಲಿ ಈಜಬಾರದೆಂಬ ಫಲಕವಿತ್ತು. ಆದರೂ ಜನ ಈಜುತ್ತಾರೆಂದು ಆ ಊರಿನ ಕೌನ್ಸಿಲ್ ಕೆರೆಯ ಮರಳ ದಂಡೆಯನ್ನೇ ಮುಚ್ಚಿ ಗಿಡ ನೆಡುವ ಯೋಜನೆ ಹಾಕಿಕೊಂಡಿತ್ತು. 2003ರಲ್ಲಿ ಹೌಸ್ ಆಫ್ ಲಾರ್ಡ್ಸ್ ಕೌನ್ಸಿಲ್ ಹೊಣೆಯಲ್ಲ ಎಂದಿತು. ಕಣ್ಣಿಗೆ ಕಾಣುವ ಅಪಾಯಕ್ಕೆ ಒಬ್ಬ ಎದೆಗೊಟ್ಟನೆಂದು ದಂಡೆಯಲ್ಲಿ ಕೂತು ಬಿಸಿಲು ಕಾಯಿಸುವ ನೂರಾರು ಜನರಿಂದ ಕೆರೆಯನ್ನು ಕಿತ್ತುಕೊಳ್ಳಬಾರದು ಎನ್ನುವುದು ಆ ತೀರ್ಪಿನ ಧಾಟಿ. ಓದಿದಾಗ ಸರಿ ಎನ್ನಿಸಿತು, ಇಂದಿಗೂ ಎನ್ನಿಸುತ್ತದೆ. ನಮ್ಮಲ್ಲಿಯೂ ಅವಘಡವಾದ ಮರುದಿನವೇ ನಿಷೇಧದ ಮಾತು ಕೇಳಿಬರುತ್ತದೆ. 2024ರ ಜನವರಿಯಲ್ಲಿ ಕುಮಾರ ಪರ್ವತದ ಜನಜಂಗುಳಿಯ ಚಿತ್ರಗಳು ಹರಿದಾಡಿದ ಮೇಲೆ ಅರಣ್ಯ ಇಲಾಖೆ ಚಾರಣಗಳನ್ನು ತಡೆದು, ಆಮೇಲೆ ಆನ್‌ಲೈನ್ ಟಿಕೆಟ್ಟಿನ ವ್ಯವಸ್ಥೆ ತಂದಿತು. ಜನರ ಸಂಖ್ಯೆಗೆ ಮಿತಿ ಹಾಕುವುದು ಮೇಲಿನವನ ಹೊಣೆಯ ಒಂದು ರೂಪ, ತಕರಾರಿಲ್ಲ. ಬಾಗಿಲೇ ಹಾಕುವುದು ಹೊಣೆಯಿಂದ ತಪ್ಪಿಸಿಕೊಳ್ಳುವ ಸುಲಭ ದಾರಿ.

ಹಾಗೆಯೇ ಕೆಲವು ಬೀಳುವಿಕೆಗಳಲ್ಲಿ ಯಾರ ತಪ್ಪೂ ಇರುವುದಿಲ್ಲ ಎಂದು ಒಪ್ಪಲೇಬೇಕು. ಮೈಕೆಲ್ ಶುಮಾಕರ್ 2013ರ ಡಿಸೆಂಬರ್ 29ರಂದು ಫ್ರಾನ್ಸಿನ ಮೆರಿಬೆಲ್‌ನಲ್ಲಿ ಗುರುತು ಹಾಕಿದ ಎರಡು ದಾರಿಗಳ ನಡುವಿನ ಹಿಮಕ್ಕೆ ಇಳಿದು, ಬಂಡೆಗೆ ತಗುಲಿ ಬಿದ್ದರು. ಹೆಲ್ಮೆಟ್ ಇತ್ತು. ಗಂಟೆಗೆ ಮುನ್ನೂರು ಕಿಲೋಮೀಟರ್ ವೇಗದಲ್ಲಿ ಕಾರು ಓಡಿಸಿ ಏಳು ಬಾರಿ ವಿಶ್ವ ಚಾಂಪಿಯನ್ ಆದವರು. ದಾರಿಯ ಗುರುತುಗಳು ನಿಯಮದಂತೆಯೇ ಇದ್ದವೆಂದು ಫ್ರೆಂಚ್ ಅಧಿಕಾರಿಗಳು 2014ರ ಫೆಬ್ರವರಿಯಲ್ಲಿ ತನಿಖೆ ಮುಗಿಸಿದರು. ಇಲ್ಲಿ ಮೇಲಿನವರು ತಮ್ಮ ಕೆಲಸ ಮಾಡಿದ್ದರು. ಹಾಗೆ ತೀರ್ಮಾನಿಸುವ ಮೊದಲು ವಿಚಾರಿಸಿದರು ಎನ್ನುವುದು ನನಗೆ ಮುಖ್ಯ.

ಮಿಲ್‌ನ ಸೇತುವೆಗೆ ನನ್ನ ಉತ್ತರ ಇಷ್ಟೇ: ಅಪಾಯ ತಿಳಿದೂ ಹೋಗುತ್ತೇನೆ ಎನ್ನುವವನನ್ನು ಬಿಡೋಣ, ಆದರೆ 'ತಿಳಿದೂ' ಎಂಬ ಮಾತಿಗೆ ತೂಕವಿರಲಿ. ಕೌಂಟರಿನಲ್ಲಿ ಹಿಂದಿನವರು ತಳ್ಳುತ್ತಿರುವಾಗ, ತನ್ನದಲ್ಲದ ಭಾಷೆಯ ಎರಡು ಹಾಳೆಯ ಕೊನೆಗೆ ಹಾಕಿದ ಸಹಿ ತಿಳಿವಳಿಕೆಯ ಗುರುತಲ್ಲ. ಬ್ರಿಟನ್ ಈ ವಿಷಯದಲ್ಲಿ 1977ರಲ್ಲೇ ಖಡಕ್ಕಾಯಿತು: ವ್ಯಾಪಾರ ನಡೆಸುವವರು ತಮ್ಮ ಅಸಡ್ಡೆಯಿಂದಾದ ಸಾವು ಅಥವಾ ದೇಹದ ಗಾಯದ ಹೊಣೆಯನ್ನು ಯಾವ ಕರಾರಿನಿಂದಲೂ ಕಳಚಿಕೊಳ್ಳುವಂತಿಲ್ಲ. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನ್ಯಾಯದ ಕರಾರು ಎಂಬ ಕಲ್ಪನೆ ಬಂದಿದೆ. ಸಹಿ ಹಾಕಿದವರಿಗೆ ಅದು ಗೊತ್ತಿರುವುದು ಅಪರೂಪ.

ಹಿಮದ ಮಾತು ಸಾಕು. ನಮ್ಮೂರಿನ ಕಲ್ಲಿಗೆ ಬರೋಣ. ಚಿತ್ರದುರ್ಗದ ಕೋಟೆಗೆ ಬಂದವರು ಒನಕೆ ಓಬವ್ವನ ಕಿಂಡಿ ನೋಡುವಷ್ಟೇ ಕುತೂಹಲದಿಂದ ಜ್ಯೋತಿರಾಜ್ ಇದ್ದಾರಾ ಎಂದು ಕೇಳುತ್ತಾರೆ. ಎಲ್ಲರ ಬಾಯಲ್ಲಿ ಅವರು ಕೋತಿರಾಜ. ಹಗ್ಗವಿಲ್ಲದೆ ಬರಿಗೈಯಲ್ಲಿ ಕೋಟೆಯ ಗೋಡೆ ಹತ್ತುತ್ತಾರೆ. ಒಂದು ಕಾಲಕ್ಕೆ ಸಾಯಬೇಕೆಂದೇ ಈ ಕೋಟೆಗೆ ಬಂದೆ, ಕೋತಿಯೊಂದು ಹತ್ತುವುದನ್ನು ಕಂಡು ಹತ್ತಲು ಕಲಿತೆ, ಹಾಗಾಗಿ ಉಳಿದೆ ಎಂದು ಅವರೇ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ. ಅವರನ್ನು "ಬೇಕಿತ್ತಾ?" ಎಂದು ಕೇಳಿದರೆ ಬರುವ ಉತ್ತರ ನಮ್ಮ ಪ್ರಶ್ನೆಗಿಂತ ದೊಡ್ಡದಾಗಿರುತ್ತದೆ.

ಅವರು ಗೋಡೆಯ ತುದಿ ಮುಟ್ಟಿದಾಗ ಕೆಳಗೆ ಶಿಳ್ಳೆ, ಚಪ್ಪಾಳೆ. ಅಕಸ್ಮಾತ್ ಕೈ ಜಾರಿದರೆ ಅದೇ ಬಾಯಿಗಳು ಏನು ಹೇಳುತ್ತವೆ ಎಂದು ನಮಗೆ ಗೊತ್ತು. ಬರ್ನಾರ್ಡ್ ವಿಲಿಯಮ್ಸ್, ಥಾಮಸ್ ನೇಗೆಲ್ 1976ರಲ್ಲಿ ಚರ್ಚಿಸಿದ 'ನೈತಿಕ ಅದೃಷ್ಟ' ಇದೇ: ಮಾಡಿದ ಕೆಲಸ ಒಂದೇ, ತೀರ್ಪು ಫಲಿತಾಂಶ ನೋಡಿ ಬದಲಾಗುತ್ತದೆ. ಹಿಮವೇ ಬೀಳದ ಕೊಡಗಿನಿಂದ ಹೋಗಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಪದಕ ಗೆದ್ದ ತೆಕ್ಕಡ ಭವಾನಿಯವರನ್ನು ನಾವು ನಾಡಿನ ಹೆಮ್ಮೆ ಎನ್ನುತ್ತೇವೆ, ಎನ್ನಲೇಬೇಕು. ನನ್ನ ಗೆಳೆಯನನ್ನು ತಲೆಕೆಟ್ಟವನು ಎನ್ನುತ್ತೇವೆ. ಇಬ್ಬರ ನಡುವೆ ಪ್ರತಿಭೆಯ ಅಂತರವಿದೆ, ಅದು ಬೇರೆ ಮಾತು. ಆದರೆ ಹಿಮಕ್ಕೆ ಹೋಗುವ ಅಗತ್ಯ ಇಬ್ಬರಿಗೂ ಅಷ್ಟೇ ಇತ್ತು.

ಜ್ಯೋತಿರಾಜ್ ಅವರ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಕೋಟೆಯಲ್ಲ, ಜೋಗ. 253 ಮೀಟರ್ ಆಳದ ಆ ಕಣಿವೆಯಲ್ಲಿ ಬಿದ್ದವರ ದೇಹ ಹುಡುಕಲು ಅವರನ್ನು ಕರೆಸುತ್ತಾರೆ. 2018ರಲ್ಲಿ ಹಾಗೆ ಒಬ್ಬರನ್ನು ಹುಡುಕಲು ಇಳಿದ ಅವರೇ ಕಾಣೆಯಾದರು. ರಾತ್ರಿ ಕಳೆದರೂ ಸುಳಿವಿಲ್ಲದೆ, ಹುಡುಕಲು ಹೋದವರನ್ನೇ ಹುಡುಕುವಂತಾಯಿತು. ಕೊನೆಗೆ ಜೀವಂತ ಸಿಕ್ಕರು. ಕಣಿವೆಗೆ ಬಿದ್ದವರ ಅಪಾಯ ಅವರಲ್ಲೇ ಮುಗಿಯಲಿಲ್ಲ, ಇನ್ನೊಬ್ಬರನ್ನು ಬಂಡೆಗಳ ನಡುವೆ ಇಳಿಸಿತು. ಸಹಸ್ರತಾಲದಲ್ಲಿ ಹೆಲಿಕಾಪ್ಟರ್ ಹಾರಿಸಿದವರ ಅಪಾಯವನ್ನು ಯಾವ ಫಾರ್ಮಿನಲ್ಲಿ ಯಾರು ಸಹಿ ಮಾಡಿ ವಹಿಸಿಕೊಂಡಿದ್ದರು? ಸ್ಕೀ ಒಕ್ಕೂಟದ ಒಂಬತ್ತನೆಯ ನಿಯಮ ಅಪಘಾತ ಕಂಡವರೆಲ್ಲ ನೆರವಿಗೆ ನಿಲ್ಲಬೇಕು ಎನ್ನುತ್ತದೆ, ತಪ್ಪು ಯಾರದೆಂದು ಮೊದಲು ತೀರ್ಮಾನಿಸಿ ಎನ್ನುವುದಿಲ್ಲ. ಹತ್ತನೆಯದು, ಸಂಬಂಧಪಟ್ಟವರೂ ಸಾಕ್ಷಿಗಳೂ ತಮ್ಮ ಹೆಸರು ವಿಳಾಸ ಕೊಡಬೇಕು ಎನ್ನುತ್ತದೆ. ಮೊದಲು ಹೊಣೆ, ಆಮೇಲೆ ಜವಾಬು. ಈ ಸರದಿ ನನಗೆ ಇಷ್ಟವಾಯಿತು.

ಕೋಟೆಯೊಳಗೆ ತುಪ್ಪದ ಕೊಳದ ಬತೇರಿ ಇದೆ. ಬೋಳು ಬಂಡೆಯಲ್ಲಿ ಪಾದದ ಮುಂಭಾಗ ಮಾತ್ರ ಊರುವಷ್ಟು ಪುಟ್ಟ ಗುಳಿಗಳನ್ನು ಕೊರೆದಿದ್ದಾರೆ, ಅವುಗಳಲ್ಲಿ ಕಾಲಿಡುತ್ತಾ ಮೇಲೆ ಹೋಗಬೇಕು. ಹತ್ತುವುದು ಅಷ್ಟೇನೂ ಕಷ್ಟವಲ್ಲ, ಇಳಿಯುವಾಗ ಎದೆ ನಡುಗುತ್ತದೆ. ಹೊಳಲ್ಕೆರೆ ಕಡೆಯಿಂದ ಶಾಲಾ ಪ್ರವಾಸಕ್ಕೆ ಬಂದ ಮಕ್ಕಳನ್ನು ಮೇಷ್ಟ್ರೊಬ್ಬರು ಅಲ್ಲಿಂದ ಇಳಿಸುತ್ತಿದ್ದುದನ್ನು ಒಮ್ಮೆ ಕಂಡಿದ್ದೆ. ಅವರು ಎಲ್ಲರಿಗಿಂತ ಕೆಳಗೆ ನಿಂತು, ಬಂಡೆಗೆ ಮುಖ ಮಾಡಿ ಇಳಿಯುವ ಒಂದೊಂದು ಮಗುವಿಗೂ ಮುಂದಿನ ಗುಳಿ ಎಲ್ಲಿದೆ ಎಂದು ಹೇಳುತ್ತಿದ್ದರು. "ಎಡಗಾಲು, ಇನ್ನೊಂಚೂರು ಕೆಳಗೆ, ಹಾಂ, ಅಲ್ಲೇ ಊರು." ಮಗುವಿಗೆ ಕಾಣದ್ದು ಅವರಿಗೆ ಕಾಣುತ್ತಿತ್ತು. ನೋಟವಿರುವವರೇ ಮೇಲಿನವರು ಎಂದ ಮೇಲೆ, ಕೆಳಗೆ ನಿಂತೂ ಅವರು ಮೇಲಿನವರೇ ಆಗಿದ್ದರು.

ಗೆಳೆಯ ಈಗ ನಡೆಯುತ್ತಾನೆ. ಮುಂದಿನ ಜನವರಿಗೆ ಮತ್ತೆ ಹೋಗುವ ಲೆಕ್ಕಾಚಾರದಲ್ಲಿದ್ದಾನೆ, ಮನೆಯಲ್ಲಿ ಇನ್ನೂ ಹೇಳಿಲ್ಲ. ಆ ಅಂಗಡಿಯವರಿಗೆ ಒಂದು ಕಾಗದ ಬರೆ, ಪರಿಹಾರವೇನೂ ಕೇಳಬೇಡ, ಈಗಲಾದರೂ ಬಂದವರ ತೂಕ ಕೇಳುತ್ತಿದ್ದೀರಾ ಎಂದಷ್ಟೇ ಕೇಳು ಎಂದೆ. ಸ್ವಲ್ಪ ಹೊತ್ತು ಯೋಚಿಸಿ, "ಹೆಂಗೆ ಕೇಳೋದು ಮಾರಾಯ, ನಾನೇ ಸೈನ್ ಹಾಕಿದೀನಲ್ಲ" ಅಂದ. ಇನ್ನೂ ಬರೆದಿಲ್ಲ.